ಪ್ರಂಬನಾನ್‌ನಲ್ಲಿ ರಾಮಾಯಣ ನೋಡಿ ಬಂದೆ, ರಾವಣ ಒಂದು ಮಾತೂ ಆಡಲಿಲ್ಲ

ಕಡಲತಡಿ:
ಕಳೆದ ತಿಂಗಳು ಮಗಳ ಒತ್ತಾಯಕ್ಕೆ ಜಾವಾ ದ್ವೀಪಕ್ಕೆ ಹೋಗಿದ್ದೆವು. ಯೋಗ್ಯಕರ್ತದ ಹತ್ತಿರವೇ ಪ್ರಂಬನಾನ್ ದೇವಸ್ಥಾನವಿದೆ. ಹುಣ್ಣಿಮೆಯ ಮರುದಿನ ಅದರ ಎದುರಿನ ಬಯಲು ರಂಗಮಂದಿರದಲ್ಲಿ ರಾಮಾಯಣದ ಆಟ ನೋಡಿದೆವು. ಆಟ ಎನ್ನುವುದು ನನ್ನ ಬಾಯಿ ಅಭ್ಯಾಸ, ಕುಂದಾಪುರದ ಕಡೆಯವನು ನಾನು, ಯಕ್ಷಗಾನಕ್ಕೆ ನಾವು ಹಾಗೆಯೇ ಎನ್ನುವುದು. ಹಿನ್ನೆಲೆಯಲ್ಲಿ ದೀಪ ಹಚ್ಚಿದ ಮೂರು ಗೋಪುರಗಳು, ಮೇಲೆ ಚಂದ್ರ, ರಂಗದ ಮೇಲೆ ಒಮ್ಮೊಮ್ಮೆ ನೂರು ಜನ. ಲಂಕಾದಹನಕ್ಕೆ ಹುಲ್ಲಿನ ಗುಡಿಸಲುಗಳಿಗೆ ನಿಜವಾಗಿಯೂ ಬೆಂಕಿ ಕೊಟ್ಟರು. ಮೈಯೆಲ್ಲ ಬಿಳಿಯಾಗಿದ್ದ ಹನುಮಂತ ಆ ಬೆಂಕಿಯ ನಡುವೆ ಲಾಗ ಹಾಕಿದಾಗ ಮುಂದಿನ ಸಾಲಿನವರ ಮುಖಕ್ಕೆ ಶಾಖ ಬಡಿಯಿತು. ಇದಕ್ಕೆಲ್ಲ ನಾನು ತಲೆಬಾಗುತ್ತೇನೆ.

ಆದರೆ ಅಶೋಕವನದ ಸನ್ನಿವೇಶ ಬಂತು ನೋಡಿ. ರಾವಣ ಬಂದ, ಸೀತೆ ಮುಖ ತಿರುಗಿಸಿದಳು. ನಾನು ಮುಂದಕ್ಕೆ ಬಾಗಿ ಕುಳಿತೆ. ಈಗ ಶುರುವಾಗಬೇಕಲ್ಲ! ನಮ್ಮಲ್ಲಾದರೆ ಪಾತ್ರದ ಮಾತನ್ನು ಚೆನ್ನಾಗಿ ಆಡುವ ಅರ್ಥಧಾರಿಗಳಿದ್ದರೆ ಅಲ್ಲಿಂದ ಮುಂದೆ ಒಂದು ಗಂಟೆ ಯಾರೂ ಚಹಾ ಕುಡಿಯಲು ಏಳುವುದಿಲ್ಲ. ಇಲ್ಲಿ ರಾವಣ ಎರಡು ಸುತ್ತು ತಿರುಗಿದ, ಕೈ ಚಾಚಿದ, ಸೀತೆ ಹಿಂದೆ ಸರಿದಳು, ಅವನು ಹೋದ. ಮುಗಿಯಿತು. ಎರಡು ಗಂಟೆಯ ರಾಮಾಯಣದಲ್ಲಿ ಯಾವ ಪಾತ್ರವೂ ಬಾಯಿ ಬಿಡಲಿಲ್ಲ. ಹಬ್ಬದೂಟದ ಎಲೆಯಲ್ಲಿ ಎಲ್ಲವನ್ನೂ ಬಡಿಸಿ ಉಪ್ಪನ್ನು ಮರೆತ ಹಾಗಾಯಿತು. ಜಾವಾದ ನೃತ್ಯನಾಟಕ ಎಂದರೆ ಇಷ್ಟೇ ಏನು? ತಿಳಿದವರು ಹೇಳಬೇಕು.

ಮೂಡುಮನೆ:
ಪದ ಹಾಡಿ ಆಟ ನಡೆಸುವ ಭಾಗವತರಾದರೂ ಇದ್ದರೇ?

ಕಡಲತಡಿ:
ಹಾಡುವವರು ಒಂದು ಪಕ್ಕದಲ್ಲಿ ಗುಂಪಾಗಿ ಕುಳಿತಿದ್ದರು, ಗಂಡಸರೂ ಹೆಂಗಸರೂ. ಭಾಷೆ ಜಾವಾದ್ದು. ಕುಣಿಸುವ ಭಾಗವತರು ಕಾಣಲಿಲ್ಲ.

ಸೋಲೋದಿಂದ:
ಕಡಲತಡಿಯವರೇ, ನೀವು ತಪ್ಪು ಅಂಗಡಿಯಲ್ಲಿ ಉಪ್ಪು ಕೇಳಿದ್ದೀರಿ. ನಾನು ಒಂಬತ್ತು ವರ್ಷಗಳಿಂದ ಸೋಲೋದಲ್ಲಿ, ಅಂದರೆ ಸುರಕರ್ತದಲ್ಲಿದ್ದೇನೆ. ಯೋಗ್ಯಕರ್ತದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ನೀವು ನೋಡಿದ್ದರ ಹೆಸರು ‘ಸೆಂದ್ರತಾರಿ’. ಸೆನಿ ಎಂದರೆ ಕಲೆ, ದ್ರಾಮಾ ನಿಮಗೆ ಗೊತ್ತು, ತಾರಿ ಎಂದರೆ ನೃತ್ಯ. ಮೂರನ್ನೂ ಕತ್ತರಿಸಿ ಅಂಟಿಸಿದ ಹೊಸ ಪದ ಅದು. ಕಲೆಯೂ ಹೊಸದೇ, 1961ರಲ್ಲಿ ಹುಟ್ಟಿದ್ದು. ಆಗ ಮಂತ್ರಿಯಾಗಿದ್ದ ಜಾತಿಕುಸುಮೊ ಅವರ ಆಸಕ್ತಿಯಿಂದ, ಪ್ರವಾಸಿಗರನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಟ್ಟಿದ ಪ್ರದರ್ಶನ. ಜರ್ಮನಿಯವರಿಗೂ ಜಪಾನಿನವರಿಗೂ ಏಕಕಾಲಕ್ಕೆ ಅರ್ಥವಾಗಬೇಕಾದರೆ ಮಾತನ್ನು ತೆಗೆಯುವುದೇ ಸುಲಭ ಎಂದು ತೆಗೆದರು.

ಹಳೆಯದರ ಹೆಸರು ‘ವಾಯಾಂಗ್ ವೊಂಗ್’, ಇಂಡೊನೇಷ್ಯಾ ಭಾಷೆಯಲ್ಲಿ ‘ವಾಯಾಂಗ್ ಒರಾಂಗ್’. ವಾಯಾಂಗ್ ಎಂದರೆ ತೊಗಲುಗೊಂಬೆ, ವೊಂಗ್ ಎಂದರೆ ಮನುಷ್ಯ. ಗೊಂಬೆಯ ಬದಲು ಮನುಷ್ಯ ಕುಣಿಯುವ ಗೊಂಬೆಯಾಟ. ಅಲ್ಲಿ ಮಾತಿದೆ ಸ್ವಾಮಿ, ಬೇಕಾದಷ್ಟಿದೆ. ಸೋಲೋದ ಶ್ರೀವೆದಾರಿ ರಂಗಮಂದಿರದಲ್ಲಿ ಭಾನುವಾರ ಬಿಟ್ಟು ಪ್ರತಿ ರಾತ್ರಿ ಆಟವಿರುತ್ತದೆ. ಅಲ್ಲಿನ ಮೇಳಕ್ಕೆ ನೂರು ವರ್ಷ ದಾಟಿದೆ.

ಮೂಡುಮನೆ:
ತಾಯಿ, ಗೊಂಬೆಯಿಂದ ಮನುಷ್ಯನಿಗೆ ಬಂದದ್ದು ಎಂದಿರಿ. ನಮ್ಮ ಕಡೆ ಯಕ್ಷಗಾನದ ವೇಷವನ್ನು ನೋಡಿ ಗೊಂಬೆ ಮಾಡಿದರು. ಅಲ್ಲಿ ತಿರುಗುಮುರುಗು. ಕುಣಿತದಲ್ಲಿ ಅದು ಕಾಣುತ್ತದೆಯೇ?

ಸೋಲೋದಿಂದ:
ಕಾಣುತ್ತದೆ. ತೊಗಲುಗೊಂಬೆ ಚಪ್ಪಟೆ, ಅದಕ್ಕೆ ಇರುವುದು ಪಕ್ಕದ ಮುಖ ಮಾತ್ರ. ಹಾಗಾಗಿ ಇಲ್ಲಿನ ಪಾತ್ರಧಾರಿ ಪಕ್ಕಕ್ಕೆ ಸರಿಯುತ್ತಾನೆ, ಕತ್ತನ್ನು ಪಕ್ಕಕ್ಕೆ ಹೊರಳಿಸಿ ನಿಲ್ಲುತ್ತಾನೆ, ಕಾಲುಗಳು ಹೊರಕ್ಕೆ ತೆರೆದಿರುತ್ತವೆ. ಚರ್ಮವನ್ನು ಕೆತ್ತಿ ಚಿನ್ನದ ಬಣ್ಣ ಬಳಿದ ಕಿರೀಟವಂತೂ ಗೊಂಬೆಯ ತಲೆಯಿಂದಲೇ ಎತ್ತಿ ಇಟ್ಟ ಹಾಗಿರುತ್ತದೆ. ಯೋಗ್ಯಕರ್ತದ ಅರಮನೆಯಲ್ಲಿ ಎಂಟನೆಯ ಹಮೆಂಗ್ಕುಬುವೋನೊ ಸುಲ್ತಾನರ ಕಾಲದಲ್ಲಿ (1921ರಿಂದ 1939) ವೇಷಭೂಷಣವನ್ನು ಬೇಕೆಂದೇ ಗೊಂಬೆಗೆ ಹತ್ತಿರ ತಂದರು.

ಭಾಗವತರ ವಿಷಯ. ಗೊಂಬೆಯಾಟದಲ್ಲಿ ಎಲ್ಲವನ್ನೂ ಆಡಿಸುವವನು ‘ದಾಲಾಂಗ್’. ವಾಯಾಂಗ್ ವೊಂಗ್‌ನಲ್ಲಿ ಅವನು ಗಮೆಲಾನ್ ವಾದ್ಯಗಳ ಜೊತೆಗೆ ಕುಳಿತು ಕಥೆಯ ಕೊಂಡಿ ಹೇಳುತ್ತಾನೆ, ಸನ್ನಿವೇಶದ ಭಾವ ಹುಟ್ಟಿಸುವ ಪದ್ಯ ಹಾಡುತ್ತಾನೆ. ಮರದ ಪೆಟ್ಟಿಗೆಯನ್ನು ಕೊಡತಿಯಿಂದ ಟಕ್ ಟಕ್ ಎಂದು ಬಡಿದರೆ ಕುಣಿಯುವವರಿಗೂ ವಾದ್ಯದವರಿಗೂ ಸೂಚನೆ. ಆದರೆ ಪಾತ್ರದ ಮಾತನ್ನು ಪಾತ್ರಧಾರಿಯೇ ಆಡುತ್ತಾನೆ. ನಿಮ್ಮ ಭಾಗವತರಿಗೂ ಅವನಿಗೂ ಹಸ್ತಲಾಘವ ಮಾಡಿಸಬಹುದು, ಇಬ್ಬರೂ ಒಂದೇ ಎನ್ನಲು ಬರುವುದಿಲ್ಲ.

ಲೆಕ್ಕಿಗ:
ಎಲ್ಲರೂ ಮಾತು ಮಾತು ಎನ್ನುತ್ತಿದ್ದೀರಿ. ನನ್ನದೊಂದು ಒರಟು ಪ್ರಶ್ನೆ. ಪ್ರಂಬನಾನ್‌ನಲ್ಲಿ ಎಷ್ಟು ಜನ ಇದ್ದರು? ಶ್ರೀವೆದಾರಿಯಲ್ಲಿ ಎಷ್ಟು ಜನ ಇರುತ್ತಾರೆ?

ಕಡಲತಡಿ:
ಪ್ರಂಬನಾನ್‌ನಲ್ಲಿ ಮುಕ್ಕಾಲು ಭಾಗ ತುಂಬಿತ್ತು.

ಸೋಲೋದಿಂದ:
ವಾರದ ನಡುವೆ ಹೋದರೆ ಶ್ರೀವೆದಾರಿಯಲ್ಲಿ ನಾಲ್ಕಾರು ಸಾಲು. ಶನಿವಾರ ಪರವಾಗಿಲ್ಲ. ಮಳೆ ಬಂದ ಒಂದು ಮಂಗಳವಾರ ನಾವು ಹದಿನೇಳು ಜನ ಇದ್ದೆವು, ರಂಗದ ಮೇಲೆ ಅದಕ್ಕಿಂತ ಹೆಚ್ಚು ಮಂದಿ. ಮುಚ್ಚಿಟ್ಟು ಪ್ರಯೋಜನವಿಲ್ಲ.

ಲೆಕ್ಕಿಗ:
ಹಾಗಾದರೆ ನನ್ನ ಉತ್ತರ ಸಿಕ್ಕಿತು. ಮಾತು ತೆಗೆದ ರೂಪಕ್ಕೆ ಜನ ಬರುತ್ತಾರೆ, ಇನ್ನೂರು ಕಲಾವಿದರಿಗೆ ಕೆಲಸ ಸಿಗುತ್ತದೆ, ಮಕ್ಕಳು ಕುಣಿತ ಕಲಿಯುತ್ತಾರೆ. ಮಾತಿರುವ ರೂಪಕ್ಕೆ ಹದಿನೇಳು ಜನ. ನಮ್ಮಲ್ಲಿಯೂ ಕೋಟದ ಶಿವರಾಮ ಕಾರಂತರು ಮಾತನ್ನು ಬಿಟ್ಟು ಯಕ್ಷಗಾನ ಬ್ಯಾಲೆ ಕಟ್ಟಲಿಲ್ಲವೇ? ಅದನ್ನು ಹೊರದೇಶಗಳಿಗೂ ಕೊಂಡೊಯ್ಯಲಿಲ್ಲವೇ? ಆಗಲೂ ಕರಾವಳಿಯವರು ಇದೇ ರೀತಿ ಮೂಗು ಮುರಿದರು.

ಕಡಲತಡಿ:
ಮುರಿದವರಲ್ಲಿ ನಮ್ಮ ತಂದೆಯೂ ಒಬ್ಬರು! ಆದರೆ ಲೆಕ್ಕಿಗರೇ, ಕಾರಂತರು ಬ್ಯಾಲೆ ಮಾಡಿದ ಮಾತ್ರಕ್ಕೆ ನಮ್ಮೂರಿನ ಗದ್ದೆಯಲ್ಲಿ ಬಯಲಾಟ ನಿಲ್ಲಲಿಲ್ಲ. ಎರಡೂ ನಡೆದವು. ನನ್ನ ತಕರಾರು ಸೆಂದ್ರತಾರಿ ಇರಬಾರದು ಎಂದಲ್ಲ. ಹೊರಗಿನಿಂದ ಬಂದ ನನಗೆ ಅದೊಂದನ್ನೇ ತೋರಿಸಿ ‘ಇದೇ ಜಾವಾದ ಸಂಪ್ರದಾಯ’ ಎಂದರಲ್ಲ, ಅದು.

ಶಾಸನಪ್ರಿಯ:
ಸಂಪ್ರದಾಯದ ವಯಸ್ಸು ಎಷ್ಟು ಎಂಬುದಕ್ಕೆ ಸ್ವಲ್ಪ ಹಿಂದೆ ಹೋಗೋಣ. ಹತ್ತನೆಯ ಶತಮಾನದ ಜಾವಾ ಶಾಸನವೊಂದರಲ್ಲಿಯೇ (ವಿಮಲಾಶ್ರಮ, 930) ‘ವಾಯಾಂಗ್ ವ್ವಾಂಗ್’ ಎಂಬ ಮಾತು ಬರುತ್ತದೆ. ಹಳೆಯ ಜಾವಾ ಭಾಷೆಯ ಕಾಕವಿನ್ ರಾಮಾಯಣವೂ ಹೆಚ್ಚುಕಡಿಮೆ ಆ ಕಾಲದ್ದೇ. ಅದರ ಬಹುಪಾಲಿಗೆ ಮಾದರಿ ವಾಲ್ಮೀಕಿಯಲ್ಲ, ಸಂಸ್ಕೃತದ ಭಟ್ಟಿಕಾವ್ಯ. ಪ್ರಂಬನಾನ್ ದೇವಾಲಯ ಒಂಬತ್ತನೆಯ ಶತಮಾನದ್ದು. ಕಡಲತಡಿಯವರು ಹಗಲು ಹೊತ್ತು ಒಳಗೆ ಹೋಗಿದ್ದರೆ ಶಿವನ ಗುಡಿಯ ಸುತ್ತಿನ ಕಟಾಂಜನದ ಒಳಮುಖದಲ್ಲಿ ರಾಮಾಯಣದ ಉಬ್ಬುಶಿಲ್ಪ ನೋಡಿರುತ್ತೀರಿ. ಪ್ರದಕ್ಷಿಣೆ ಹಾಕುತ್ತಾ ಹೋದರೆ ಕಥೆ ಮುಂದುವರಿಯುತ್ತದೆ, ಉಳಿದ ಭಾಗ ಬ್ರಹ್ಮನ ಗುಡಿಯಲ್ಲಿದೆ. ಕಪಿಗಳು ಸೇತುವೆಗೆ ಎಸೆದ ಕಲ್ಲುಗಳನ್ನು ಮೀನುಗಳು ಬಾಯಲ್ಲಿ ಕಚ್ಚಿಕೊಂಡು ಹೋಗುವುದನ್ನು ಕೆತ್ತಿದ್ದಾರೆ. ಅದೊಂದೇ ಚಿತ್ರದ ಮುಂದೆ ನಾನು ಅರ್ಧ ಗಂಟೆ ನಿಂತಿದ್ದೆ.

ಈಗಿನ ರೂಪ ಬಂದದ್ದು ಮಾತ್ರ ಹದಿನೆಂಟನೆಯ ಶತಮಾನದಲ್ಲಿ. 1755ರ ಗಿಯಾಂತಿ ಒಪ್ಪಂದದಲ್ಲಿ ಮಾತರಾಂ ರಾಜ್ಯ ಎರಡು ಹೋಳಾಯಿತು, ಸುರಕರ್ತ ಮತ್ತು ಯೋಗ್ಯಕರ್ತ. ಎರಡು ವರ್ಷದಲ್ಲಿ ಮಂಕುನೆಗಾರನ್ ಎಂಬ ಇನ್ನೊಂದು ಚಿಕ್ಕ ಸಂಸ್ಥಾನ. ಪಾಲಾದ ಅಣ್ಣತಮ್ಮಂದಿರ ಮನೆಗಳಲ್ಲಿ ಆಗುವುದೇ ಅಲ್ಲಿಯೂ ಆಯಿತು. ನಮ್ಮ ಮನೆಯೇ ಮೂಲಮನೆ ಎಂದು ತೋರಿಸಿಕೊಳ್ಳುವ ಪೈಪೋಟಿ. ಯೋಗ್ಯಕರ್ತದಲ್ಲಿ ಮೊದಲ ಹಮೆಂಗ್ಕುಬುವೋನೊ, ಮಂಕುನೆಗಾರನ್‌ನಲ್ಲಿ ಮೊದಲ ಮಂಕುನೆಗಾರ, ಇಬ್ಬರ ಆಸ್ಥಾನದಲ್ಲಿಯೂ ವಾಯಾಂಗ್ ವೊಂಗ್ ಬೆಳೆಯಿತು. ಎಂಟನೆಯ ಸುಲ್ತಾನರ ಕಾಲಕ್ಕೆ ನೂರಾರು ಪಾತ್ರಧಾರಿಗಳು, ಬೆಳಗಿನಿಂದ ರಾತ್ರಿಯವರೆಗೆ, ಒಮ್ಮೊಮ್ಮೆ ಮೂರು ನಾಲ್ಕು ದಿನ. ಅದು ಮನರಂಜನೆಯಲ್ಲ, ಅರಮನೆಯ ವಿಧಿ.

ಹೊಸಬ:
ಸುಲ್ತಾನರು ಎಂದರೆ ಮುಸ್ಲಿಮರಲ್ಲವೇ? ಅವರು ಮಹಾಭಾರತ ಆಡಿಸುತ್ತಿದ್ದರೇ?

ಸೋಲೋದಿಂದ:
ಆಡಿಸುತ್ತಿದ್ದರು, ಈಗಲೂ ಆಡಿಸುತ್ತಾರೆ. ಇಲ್ಲಿ ಅದು ಪ್ರಶ್ನೆಯೇ ಅಲ್ಲ. ನಮ್ಮ ಬೀದಿಯ ಕೊನೆಯ ಮನೆಯವರು ಮಗ್ರಿಬ್ ನಮಾಜು ಮುಗಿಸಿ, ಸ್ಕೂಟರ್ ಹತ್ತಿ, ರಂಗಮಂದಿರಕ್ಕೆ ಹೋಗಿ ಯುಧಿಷ್ಠಿರನ ಬಣ್ಣ ಹಾಕಿಕೊಳ್ಳುತ್ತಾರೆ. ಪಾಂಡವರು ಅವರಿಗೆ ಪಕ್ಕದ ದೇಶದವರಲ್ಲ, ಹಿಂದಿನ ತಲೆಮಾರಿನ ಹಿರಿಯರು. ಯೋಗ್ಯಕರ್ತ ಎಂಬ ಊರಿನ ಹೆಸರಿನೊಳಗೇ ಅಯೋಧ್ಯೆ ಇದೆ ಎನ್ನುತ್ತಾರೆ.

ಗಾಂಧಾರಪುರ:
ಹಿರಿಯರು ಎನ್ನುವವರು ಹಿರಿಯರ ಕಥೆಯನ್ನು ಹೀಗೆ ತಿರುಚುತ್ತಾರೆಯೇ? ಜಾವಾದಲ್ಲಿ ದ್ರೌಪದಿಗೆ ಒಬ್ಬನೇ ಗಂಡ, ಯುಧಿಷ್ಠಿರ. ಶಿಖಂಡಿ ಅಲ್ಲಿ ಹೆಂಗಸು, ಅರ್ಜುನನ ಹೆಂಡತಿ, ಬಿಲ್ಲು ಹಿಡಿದ ವೀರೆ. ವ್ಯಾಸರು ಬರೆದದ್ದನ್ನು ಅವರವರ ಅನುಕೂಲಕ್ಕೆ ಬದಲಿಸಿಕೊಂಡರೆ ಅದು ಮಹಾಭಾರತವೇ ಅಲ್ಲ.

ಮೂಡುಮನೆ:
ಸ್ವಾಮಿ, ಗಯನಿಗೆ ಅಭಯ ಕೊಟ್ಟ ಅರ್ಜುನ ಸಾಕ್ಷಾತ್ ಕೃಷ್ಣನ ಮೇಲೆಯೇ ಯುದ್ಧಕ್ಕೆ ನಿಲ್ಲುವ ಕೃಷ್ಣಾರ್ಜುನ ಕಾಳಗ ವ್ಯಾಸರಲ್ಲಿ ಎಲ್ಲಿದೆ? ಅದನ್ನು ನೋಡದೆ ಬೆಳೆದ ಕರಾವಳಿಯವನು ಇದ್ದಾನೆಯೇ? ನಾವು ಕಟ್ಟಿದರೆ ಪ್ರಸಂಗ, ಅವರು ಕಟ್ಟಿದರೆ ತಿರುಚಿದ್ದು ಎನ್ನುವುದು ನ್ಯಾಯವಲ್ಲ.

ಗಾಂಧಾರಪುರ:
ಕೃಷ್ಣಾರ್ಜುನ ಕಾಳಗದಲ್ಲಿ ಐವರು ಗಂಡಂದಿರು ಒಬ್ಬನಾಗುವುದಿಲ್ಲ. ಇರಲಿ, ನಾನು ಇಲ್ಲಿಗೆ ನಿಲ್ಲಿಸುತ್ತೇನೆ.

ಹೆಜ್ಜೆಗೆಜ್ಜೆ:
ನಾನು ಭರತನಾಟ್ಯದವಳು. ಯೋಗ್ಯಕರ್ತದಲ್ಲಿ ನಾಲ್ಕು ತಿಂಗಳು ಅಲ್ಲಿನ ಕುಣಿತ ಕಲಿಯಲು ಹೋಗಿದ್ದೆ, ಅದಕ್ಕೇ ಬಾಯಿ ಹಾಕುತ್ತಿದ್ದೇನೆ. ಮೊದಲ ವಾರವೇ ನನ್ನ ಕಣ್ಣಿನ ಅಭ್ಯಾಸ ಮುರಿದರು. ನಮ್ಮಲ್ಲಿ ಕೈ ಹೋದಲ್ಲಿ ಕಣ್ಣು ಹೋಗಬೇಕು. ಅಲ್ಲಿ ನವುರಾದ ಪಾತ್ರದ ನೋಟ ಕೆಳಕ್ಕೆ ಇಳಿದಿರುತ್ತದೆ, ಮುಖದಲ್ಲಿ ಏನೂ ಕಾಣಿಸಬಾರದು. ನಾನು ಸಿಟ್ಟು ತೋರಿಸಲು ಹುಬ್ಬು ಎತ್ತಿದಾಗ ಗುರುಗಳು ನಕ್ಕುಬಿಟ್ಟರು. ಸಿಟ್ಟಿರುವುದು ಕುತ್ತಿಗೆಯಲ್ಲಿ, ಮತ್ತು ಸೊಂಟದಿಂದ ಇಳಿಬಿದ್ದ ‘ಸಂಪೂರ್’ ಎಂಬ ವಲ್ಲಿಯ ತುದಿಯನ್ನು ಬೆರಳಿನಿಂದ ಹೇಗೆ ಚಿಮ್ಮುತ್ತೀರಿ ಎನ್ನುವುದರಲ್ಲಿ.

ಅವರಲ್ಲಿ ‘ಅಲುಸ್’ ಮತ್ತು ‘ಗಾಗಾಹ್’ ಎಂದು ಎರಡು ಬಗೆ. ಅಲುಸ್ ಎಂದರೆ ನಯ: ಅರ್ಜುನ, ರಾಮ. ಗಾಗಾಹ್ ಎಂದರೆ ಗಟ್ಟಿ: ಭೀಮ, ಘಟೋತ್ಕಚ, ರಾವಣ. ಗಟ್ಟಿಯವರು ಕಾಲನ್ನು ಎತ್ತರಕ್ಕೆ ಎತ್ತಿ ಕೈಯನ್ನು ಭುಜದ ಮಟ್ಟಕ್ಕೆ ಚಾಚಿ ರಂಗ ತುಂಬುತ್ತಾರೆ. ನಯದವರು ಪಾದವನ್ನು ನೆಲದಿಂದ ಬಿಡಿಸುವುದೇ ಕಷ್ಟ. ವಿಚಿತ್ರವೆಂದರೆ ಗೆಲ್ಲುವವನು ಹೆಚ್ಚಾಗಿ ನಯದವನು. ಅದಕ್ಕೆ ‘ಚಾಕಿಲ್’ನ ಕಾಳಗ ನೋಡಬೇಕು. ಚಾಕಿಲ್ ಒಬ್ಬ ರಕ್ಕಸ. ಕೆಳದವಡೆ ಮುಂದೆ ಚಾಚಿ ಒಂದು ಕೋರೆಹಲ್ಲು ಮೇಲಕ್ಕೆ ಬಂದಿರುತ್ತದೆ. ಕೀಚಲು ದನಿ, ಮೈಯಲ್ಲಿ ಒಂದು ಕ್ಷಣ ನೆಮ್ಮದಿಯಿಲ್ಲ. ಕಾಡಿನಲ್ಲಿ ಎದುರಾದ ರಾಜಕುಮಾರನ ಸುತ್ತ ಅವನು ಹಾರುತ್ತಾನೆ, ಉರುಳುತ್ತಾನೆ, ಕೆಣಕುತ್ತಾನೆ. ರಾಜಕುಮಾರ ಸುಮ್ಮನೆ ನಿಂತು ಮೈಯನ್ನು ಒಂದಿಷ್ಟು ಸರಿಸುತ್ತಾನೆ ಅಷ್ಟೆ. ಕೊನೆಗೆ ಚಾಕಿಲ್ ಕಠಾರಿ ಎಳೆಯುತ್ತಾನೆ, ಅದೇ ಕಠಾರಿ ತಿರುಗಿ ಅವನ ಹೊಟ್ಟೆಗೇ ಹೋಗುತ್ತದೆ. ಕುಣಿತದಲ್ಲಿ ಹೆಚ್ಚು ಕಷ್ಟ ಚಾಕಿಲ್‌ನದು ಎಂದು ಎಲ್ಲರೂ ತಿಳಿಯುತ್ತಾರೆ. ಬೆವರು ಸುರಿಸಿ ಹೇಳುತ್ತೇನೆ, ಸುಮ್ಮನೆ ನಿಲ್ಲುವುದೇ ಕಷ್ಟ.

ಹೊಸಬ:
ಹೆಂಗಸರ ಪಾತ್ರ ಹೆಂಗಸರೇ ಮಾಡುತ್ತಾರೆಯೇ? ಯಕ್ಷಗಾನದ ಹಾಗೆ ಗಂಡಸರೇ?

ಹೆಜ್ಜೆಗೆಜ್ಜೆ:
ಊರಿನ ಮೇಲೆ ಹೋಗುತ್ತದೆ. ಯೋಗ್ಯಕರ್ತದ ಅರಮನೆಯಲ್ಲಿ ಹಿಂದೆ ಸೀತೆಯೂ ಗಂಡಸೇ. 1918ರಲ್ಲಿ ರಾಜಮನೆತನದವರೇ ‘ಕ್ರಿದಾ ಬೆಕ್ಸಾ ವಿರಾಮಾ’ ಎಂಬ ಶಾಲೆ ತೆರೆದ ಮೇಲೆ ಅರಮನೆಯ ಕುಣಿತ ಹೊರಗಿನವರಿಗೂ ದಕ್ಕಿತು. ಸೋಲೋದ ಕಡೆ ಇದಕ್ಕೆ ವಿರುದ್ಧ, ಅರ್ಜುನನನ್ನು ಹೆಂಗಸರು ಮಾಡುತ್ತಾರೆ. ಅಷ್ಟು ನಯ ಗಂಡಸಿಗೆ ಬರುವುದಿಲ್ಲವಂತೆ!

ಸೋಲೋದಿಂದ:
ಅದನ್ನು ನಾನೂ ಒಪ್ಪುತ್ತೇನೆ. ಶ್ರೀವೆದಾರಿಯ ಈಗಿನ ಅರ್ಜುನ ಬಣ್ಣ ತೆಗೆದ ಮೇಲೆ ಇಬ್ಬರು ಮಕ್ಕಳ ತಾಯಿ.

ಅರಮನೆಯಿಂದ ಪೇಟೆಗೆ ಬಂದ ಕಥೆಯನ್ನೂ ಸೇರಿಸುತ್ತೇನೆ. 1895ರ ಹೊತ್ತಿಗೆ ಸೋಲೋದಲ್ಲಿ ಗಾನ್ ಕಾಮ್ ಎಂಬ ಚೀನೀ ಮೂಲದ ವ್ಯಾಪಾರಿ ಟಿಕೆಟ್ ಇಟ್ಟು ವಾಯಾಂಗ್ ಒರಾಂಗ್ ಆಡಿಸಿದ. ಅರಮನೆಯ ಚಾವಡಿಯಲ್ಲಿ ಮೂರು ಕಡೆಯಿಂದ ನೋಡುತ್ತಿದ್ದದ್ದು ಈಗ ಪರದೆ ಎಳೆಯುವ ರಂಗಕ್ಕೆ ಬಂತು. ಅರಮನೆ, ಕಾಡು, ಬೀದಿ ಎಂದು ಬಣ್ಣದ ಪರದೆಗಳು. ನಮ್ಮ ಕಂಪನಿ ನಾಟಕ ನೋಡಿದವರಿಗೆ ಶ್ರೀವೆದಾರಿಯಲ್ಲಿ ತವರಿಗೆ ಬಂದ ಹಾಗಾಗುತ್ತದೆ. ಸೆಮಾರಾಂಗ್‌ನಲ್ಲಿ ‘ನ್ಗೆಸ್ತಿ ಪಾಂಡವಾ’, ಜಕಾರ್ತದಲ್ಲಿ ‘ಭರತ’ ಎಂಬ ಮೇಳಗಳು ಇನ್ನೂ ಇವೆ. ಒಂದು ಕಾಲದಲ್ಲಿ ಶ್ರೀವೆದಾರಿಯ ರುಸ್ಮಾನ್ ಘಟೋತ್ಕಚನಾಗಿ ಬಂದರೆ ಸಾಲು ನಿಲ್ಲುತ್ತಿತ್ತು. ಅಧ್ಯಕ್ಷ ಸುಕರ್ನೊ ಅವರಿಗೆ ಆ ಘಟೋತ್ಕಚ ಅಚ್ಚುಮೆಚ್ಚು. ಈಗ ಮೇಳವನ್ನು ನಡೆಸುವುದು ನಗರಾಡಳಿತ, ಕಲಾವಿದರಲ್ಲಿ ಹಲವರು ಸರ್ಕಾರಿ ನೌಕರರು. ಆದ್ದರಿಂದಲೇ ಹದಿನೇಳು ಜನರಿದ್ದರೂ ಪರದೆ ಏಳುತ್ತದೆ, ಲೆಕ್ಕಿಗರೇ.

ಲೆಕ್ಕಿಗ:
ಸಂಬಳ ನಿಂತ ದಿನ?

ಸೋಲೋದಿಂದ:
ಆ ಯೋಚನೆ ನನಗೂ ಬರುತ್ತದೆ.

ಕಡಲತಡಿ:
ಮಾತು ಮಾತು ಎಂದು ನಾನೇ ಶುರು ಮಾಡಿದ್ದು. ಈಗ ಕೇಳುತ್ತೇನೆ, ಆ ಮಾತು ಹೇಗಿರುತ್ತದೆ? ಬಾಯಿಪಾಠವೇ? ಆಶುವೇ? ಅಲ್ಲಿನ ಭಾಷೆ ಬಾರದವನಿಗೆ ಏನು ದಕ್ಕೀತು?

ಸೋಲೋದಿಂದ:
ಕಥೆಯ ಎಲುಬು ಮೊದಲೇ ಗೊತ್ತು, ಮಾಂಸ ಅಲ್ಲಿಯೇ ತುಂಬುತ್ತದೆ. ಮಧ್ಯರಾತ್ರಿಯಲ್ಲಿ ಬರುವ ‘ಗೊರೊಗೊರೊ’ ಎಂಬ ಭಾಗವಂತೂ ಪೂರ್ತಿ ಆಶು. ಈಗ ಆಟವೇ ಹತ್ತು ಗಂಟೆಗೆ ಮುಗಿಯುವುದರಿಂದ ಅಲ್ಲಿನ ಮಧ್ಯರಾತ್ರಿ ಒಂಬತ್ತಕ್ಕೆ ಬರುತ್ತದೆ. ಪಾಂಡವರ ಆಳುಗಳಾದ ಸೆಮಾರ್ ಮತ್ತು ಅವನ ಮಕ್ಕಳು ಗಾರೆಂಗ್, ಪೆತ್ರುಕ್, ಬಾಗೊಂಗ್ ರಂಗಕ್ಕೆ ಬಂದು ಊರಿನ ಸುದ್ದಿಯನ್ನೆಲ್ಲ ಎಳೆದು ತರುತ್ತಾರೆ. ನಿಮ್ಮ ಹಾಸ್ಯಗಾರರ ನೆನಪಾಗದೆ ಇರದು. ಒಂದೇ ವ್ಯತ್ಯಾಸ. ಆ ಡೊಳ್ಳುಹೊಟ್ಟೆಯ ಮುದುಕ ಸೆಮಾರ್ ನಿಜದಲ್ಲಿ ದೇವರು. ದೇವಲೋಕದ ಅರಸ ಬತಾರ ಗುರು, ಅಂದರೆ ನಮ್ಮ ಶಿವ, ಅವನಿಗೂ ಈತ ಅಣ್ಣ. ಹೀಗಾಗಿ ಆಳು ಬೈದರೆ ಅರ್ಜುನ ಕೈಕಟ್ಟಿ ನಿಲ್ಲುತ್ತಾನೆ.

ಇನ್ನು ಭಾಷೆ. ಇದನ್ನು ಕನ್ನಡದವರಿಗೆ ವಿವರಿಸುವುದು ಸುಲಭ. ಜಾವಾ ಭಾಷೆಯಲ್ಲಿ ‘ನ್ಗೊಕೊ’ ಎಂದರೆ ಸಲುಗೆಯ ಮಾತು, ‘ಕ್ರಾಮಾ’ ಎಂದರೆ ಮರ್ಯಾದೆಯ ಮಾತು. ನಮ್ಮ ನೀನು, ತಾವು ಇದ್ದ ಹಾಗೆ. ಆದರೆ ಅಲ್ಲಿ ಬದಲಾಗುವುದು ಸರ್ವನಾಮವೊಂದೇ ಅಲ್ಲ. ತಿನ್ನು, ಮಲಗು, ಮನೆ, ಹೋಗು ಎಲ್ಲದಕ್ಕೂ ಬೇರೆ ಬೇರೆ ಪದ. ರಂಗದ ಮೇಲೆ ಅರ್ಜುನ ಅಣ್ಣನೊಡನೆ ಒಂದು ಭಾಷೆ ಆಡುತ್ತಾನೆ, ಆಳುಗಳೊಡನೆ ಇನ್ನೊಂದು. ಇದಕ್ಕೆಲ್ಲ ಒಬ್ಬ ಹೊರಗು, ಅವನು ಭೀಮ. ಭೀಮನದು ಎಲ್ಲರಿಗೂ ಏಕವಚನವೇ. ಧರ್ಮರಾಯನಿಗೂ ಏಕವಚನ, ಗುರು ದ್ರೋಣನಿಗೂ ಏಕವಚನ, ದೇವರು ಪ್ರತ್ಯಕ್ಷನಾದರೂ ಏಕವಚನ. ಕೃಷ್ಣನನ್ನು ‘ಕಪ್ಪಗಿರುವ ನನ್ನಣ್ಣ’ ಎಂದು ಕೂಗುತ್ತಾನೆ. ಕೈ ಮುಗಿದು ಕೂರುವುದೂ ಇಲ್ಲ, ನಿಂತೇ ಇರುತ್ತಾನೆ. ಯಾರಿಗೂ ಅದು ಸೊಕ್ಕು ಎನಿಸುವುದಿಲ್ಲ, ಅವನ ಒಳಗೊಂದು ಹೊರಗೊಂದು ಇಲ್ಲ ಎಂದೇ ಅರ್ಥ.

ಎರಡು ವರ್ಷದ ಹಿಂದೆ ಶ್ರೀವೆದಾರಿಯಲ್ಲಿ ‘ದೇವ ರುಚಿ’ ಪ್ರಸಂಗ ನೋಡಿದೆ. ದ್ರೋಣನ ಮಾತು ನಂಬಿ ಭೀಮ ಅಮೃತಜಲ ಹುಡುಕಿ ಕಡಲಿಗೆ ಇಳಿಯುತ್ತಾನೆ. ಅದು ಅವನನ್ನು ಕೊಲ್ಲಲು ಹೂಡಿದ ಉಪಾಯ. ನಡುಗಡಲಿನಲ್ಲಿ ತನ್ನದೇ ರೂಪದ, ಆದರೆ ಗೇಣುದ್ದದ ಒಬ್ಬ ದೇವರು ಅವನಿಗೆ ಎದುರಾಗುತ್ತಾನೆ. ಆ ರಾತ್ರಿ ಆ ಪಾತ್ರಕ್ಕೆ ಹತ್ತು ವರ್ಷದ ಹುಡುಗನೊಬ್ಬ ಭೀಮನ ಹಾಗೆಯೇ ಚೌಕಳಿಯ ಬಟ್ಟೆ ಉಟ್ಟು ಬಂದಿದ್ದ. ‘ನನ್ನ ಎಡಗಿವಿಯಿಂದ ಒಳಗೆ ಬಾ’ ಎಂದ. ಅಲ್ಲಿಯವರೆಗೆ ಗುಡುಗುತ್ತಿದ್ದ ಭೀಮ ಒಂದು ಗಳಿಗೆ ಸುಮ್ಮನಾದ. ಗಮೆಲಾನ್‌ನಲ್ಲಿ ಒಂದೇ ಒಂದು ವಾದ್ಯ ಉಳಿಯಿತು. ಆಮೇಲೆ ಆ ದೊಡ್ಡ ದೇಹ ಬಾಗಿ, ಕ್ರಾಮಾದಲ್ಲಿ ಮಾತಾಡಿತು. ಭೀಮ ಜೀವಮಾನದಲ್ಲಿ ಬಹುವಚನ ಬಳಸುವುದು ಅಲ್ಲಿ ಮಾತ್ರ. ನನ್ನ ಪಕ್ಕದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಅಜ್ಜ ಕೈ ನಿಲ್ಲಿಸಿದರು.

ಮೂಡುಮನೆ:
ಓದುತ್ತಾ ನನಗೂ ಹಾಗೆಯೇ ಆಯಿತು ತಾಯಿ.

ಲೆಕ್ಕಿಗ:
ಇದನ್ನು ಸೆಂದ್ರತಾರಿಯಲ್ಲಿ ಮಾಡಲು ಬರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಜನ ಬರುವುದಿಲ್ಲ ಎಂಬ ಮಾತನ್ನು ಮಾತ್ರ ಹಿಂದೆ ತೆಗೆದುಕೊಳ್ಳುವುದಿಲ್ಲ.

ಹೆಜ್ಜೆಗೆಜ್ಜೆ:
ನನ್ನದೊಂದು ತಿದ್ದುಪಡಿ. ಮಾತಿಲ್ಲದ್ದನ್ನು ಪೂರ್ತಿ ಬಡವಾಗಿಸಬೇಡಿ. ಪ್ರಂಬನಾನ್‌ನ ಆ ರಾವಣ ಎರಡು ಸುತ್ತು ತಿರುಗಿ ಹೋದ ಎಂದಿರಲ್ಲ ಕಡಲತಡಿಯವರೇ, ಸೀತೆ ಹಿಂದೆ ಸರಿದಾಗ ವಲ್ಲಿಯನ್ನು ಯಾವ ಭುಜದ ಮೇಲೆ ಎಸೆದುಕೊಂಡಳು, ನೆನಪಿದೆಯೇ?

ಕಡಲತಡಿ:
ಇಲ್ಲ ಅಮ್ಮ. ನಾನು ಅವನ ಬಾಯಿಯನ್ನೇ ನೋಡುತ್ತಿದ್ದೆ. ಮಗಳು ಮೊಬೈಲಿನಲ್ಲಿ ಚಿತ್ರೀಕರಿಸಿದ್ದಾಳೆ, ಇವತ್ತು ರಾತ್ರಿ ಮತ್ತೆ ನೋಡುತ್ತೇನೆ.

ಸೋಲೋದವರೇ, ಬರುವ ಮೇ ತಿಂಗಳಲ್ಲಿ ಮೇಳಗಳ ತಿರುಗಾಟ ಮುಗಿದು ನಮ್ಮ ಕಡೆ ಆಟ ನಿಂತ ಮೇಲೆ ಹೊರಡುವ ಯೋಚನೆಯಿದೆ. ಶ್ರೀವೆದಾರಿಯಲ್ಲಿ ಮೊದಲೇ ಜಾಗ ಕಾದಿರಿಸಬೇಕೇ?

ಸೋಲೋದಿಂದ:
ಬೇಕಿಲ್ಲ. ರಾತ್ರಿ ಎಂಟಕ್ಕೆ ಶುರು, ಏಳೂವರೆಗೆ ಬಂದರೆ ಸಾಕು. ಟಿಕೆಟಿನ ದುಡ್ಡು ಹೆಚ್ಚೇನಲ್ಲ. ಬಲಗಡೆ ಮೂರನೆಯ ಸಾಲಿನಲ್ಲಿ ಕುಳಿತುಕೊಳ್ಳಿ, ಮಾತು ಚೆನ್ನಾಗಿ ಕೇಳಿಸುತ್ತದೆ. ಪಕ್ಕದಲ್ಲಿ ನಾನಿರುತ್ತೇನೆ, ಭೀಮ ಯಾರಿಗೆ ಏನೆಂದ ಎಂಬುದನ್ನು ಕಿವಿಯಲ್ಲಿ ಹೇಳುತ್ತೇನೆ. ಬರುವಾಗ ಒಂದು ಸೇರು ಕೆಂಪು ಕುಚ್ಚಲಕ್ಕಿ ತರಲು ಸಾಧ್ಯವೇ ನೋಡಿ.